ಪ್ರತಿಕ್ರಿಯೆ: ಕೆಲಸ ಬಿಟ್ಟು ಪ್ರೋಗ್ರಾಮಿಂಗ್ ಕಲಿಸುವ ಬಗ್ಗೆ

ನಮಸ್ಕಾರ. ಮೈಸೂರಿನಲ್ಲಿ ಆರು ವರ್ಷ ಡೆವಲಪರ್ ಆಗಿ ದುಡಿದ ನೀವು, ಕೆಲಸ ಬಿಟ್ಟು ಪ್ರೋಗ್ರಾಮಿಂಗ್ ಕಲಿಸುತ್ತ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶ) ಯೋಜನೆಗಳಲ್ಲೇ ತೊಡಗಿಕೊಂಡರೆ ಜೀವನ ನಡೆದೀತೇ ಎಂದು ಕೇಳಿದ್ದೀರಿ. ನಡೆಯುತ್ತದೆ, ಆದರೆ ಸಂಬಳವನ್ನು ಈಗಲೇ ಬಿಡಬೇಡಿ. ಓಪನ್ ಸೋರ್ಸ್ ಕೊಡುಗೆಗೆ ಹಣ ಸಿಗುವುದು ಅಪರೂಪವಾದ್ದರಿಂದ ಮನೆಯ ಖರ್ಚೆಲ್ಲ ಬಹುಮಟ್ಟಿಗೆ ಪಾಠದಿಂದಲೇ ನಡೆಯಬೇಕಾಗುತ್ತದೆ.

ನಾನು ಮಂಡ್ಯದಲ್ಲಿ ಶನಿವಾರ ಮಧ್ಯಾಹ್ನ ಪ್ರೌಢಶಾಲೆಯ ಮಕ್ಕಳಿಗೆ ಪೈಥಾನ್ 3 ಎಂಬ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಒಮ್ಮೆ ‘ಮಂಡ್ಯ’ ಎಂಬ ಪದದ ಉದ್ದವನ್ನು ಕೇಳಿದಾಗ ಪರದೆಯ ಮೇಲೆ 5 ಎಂದು ಬಂತು. ಇರುವುದು ಎರಡೇ ಅಕ್ಷರವಲ್ಲವೇ ಎಂದು ಒಬ್ಬ ಹುಡುಗಿ ಪಟ್ಟು ಹಿಡಿದಳು. ಮಕಾರ, ಅನುಸ್ವಾರ, ಡಕಾರ, ಒತ್ತಕ್ಷರವನ್ನು ಕೂಡಿಸುವ ಹಲಂತ ಚಿಹ್ನೆ, ಯಕಾರ ಇವಿಷ್ಟಕ್ಕೂ ಯೂನಿಕೋಡ್ (ಕಂಪ್ಯೂಟರಿನಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಪದ್ಧತಿ) ಬೇರೆ ಬೇರೆ ಸಂಕೇತ ಕೊಟ್ಟಿದೆ, ಪೈಥಾನ್ ಎಣಿಸುವುದು ಆ ಸಂಕೇತಗಳನ್ನೇ ಎಂದು ಹಲಗೆಯ ಮೇಲೆ ಬಿಡಿಸಿ ತೋರಿಸುವಷ್ಟರಲ್ಲಿ ತರಗತಿಯೇ ಮುಗಿಯಿತು. ಅಕ್ಷರ ಎಣಿಸುವ ಒಂದು ಚಿಕ್ಕ ಓಪನ್ ಸೋರ್ಸ್ ಲೈಬ್ರರಿಯ (ಬೇರೆ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್) ದಾಖಲೆಗೆ, ಅಂದರೆ ಬಳಕೆಯ ಕೈಪಿಡಿಗೆ, ಅದೇ ವಿವರಣೆಯನ್ನು ಬರೆದು ಕಳಿಸಿದ್ದು ನನ್ನ ಮೊದಲ ಕೊಡುಗೆ. ಆ ಲೈಬ್ರರಿಯನ್ನು ನೋಡಿಕೊಳ್ಳುವವರು ಎರಡು ಸಲ ತಿದ್ದಲು ಹೇಳಿದರು. ಆ ತಿದ್ದುಪಡಿಗಳಿಂದ ನಾನು ಕಲಿತದ್ದು ಬಹಳ.

ಆದ್ದರಿಂದ ನೀವು ದಿನವೂ ಬಳಸುವ ಯಾವುದಾದರೂ ಒಂದೇ ಯೋಜನೆಯನ್ನು ಆರಿಸಿಕೊಂಡು, ಮೊದಲು ಅದರ ದಾಖಲೆಯನ್ನೋ ಕನ್ನಡ ಅನುವಾದವನ್ನೋ ಕೈಗೆತ್ತಿಕೊಳ್ಳಿ. ವಾರಕ್ಕೊಂದು ತರಗತಿಯನ್ನು ಒಂದು ವರ್ಷ ತಪ್ಪದೆ ನಡೆಸಿ, ಅದರಿಂದ ಬರುವ ಶುಲ್ಕವನ್ನು ಲೆಕ್ಕವಿಟ್ಟು ನೋಡಿದ ಮೇಲೆ ರಾಜೀನಾಮೆಯ ವಿಚಾರ ಮಾಡಿ.