ಕೇಳಿ, ಹೇಳುತ್ತೇವೆ: ಕಡಲಿಗೆ ಹೊರಟವರಿಗೆ

ಪ್ರಶ್ನೆ: ಡಿಸೆಂಬರ್‌ನಲ್ಲಿ ಮೂರು ರಾತ್ರಿ ಸಮುದ್ರದ ಕಡೆ ಹೋಗಬೇಕೆಂದಿದ್ದೇವೆ. ನಾವಿಬ್ಬರು, 5 ಮತ್ತು 9 ವರ್ಷದ ಮಕ್ಕಳು, ಮೊಣಕಾಲು ನೋವಿನ ಅತ್ತೆ. ಸ್ವಂತ ಕಾರಿದೆ. ಗೋಕರ್ಣ, ಕಾರವಾರ, ಯಾಣ, ಮುರ್ಡೇಶ್ವರ ಎಲ್ಲ ಮುಗಿಸಿ, ಸ್ವಲ್ಪ ಆರಾಮವೂ ಆಗುವಂತೆ ಹೇಗೆ ಹೊಂದಿಸಬೇಕು?
– ಗೃಹಿಣಿ, ಕೊಪ್ಪಳ

ಉತ್ತರ: ನಾಲ್ಕೂ ಊರು ಸುತ್ತುವುದಾದರೆ ಆರಾಮದ ಆಸೆ ಬಿಡಿ. ಮೂರೂ ರಾತ್ರಿ ಒಂದೇ ಕಡೆ ಇಳಿದುಕೊಳ್ಳಿ. ಎಲ್ಲಿ ಎಂಬುದನ್ನು ಅತ್ತೆಯವರ ಮೊಣಕಾಲೇ ತೀರ್ಮಾನಿಸಲಿ. ಗೋಕರ್ಣದ ಕುಡ್ಲೆ, ಓಂ ಬೀಚುಗಳಿಗೆ ಮೆಟ್ಟಿಲು ಇಳಿಯಬೇಕು, ಬಿಸಿಲಲ್ಲಿ ಮತ್ತೆ ಹತ್ತಬೇಕು. ಯಾಣದಲ್ಲೂ ನಡಿಗೆ, ಮೆಟ್ಟಿಲು ತಪ್ಪಿದ್ದಲ್ಲ. ಹೊನ್ನಾವರದ ಕಾಸರಕೋಡು ಸಮತಟ್ಟು. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕ ತೀರವಾದ್ದರಿಂದ ಶೌಚಾಲಯ, ಸ್ನಾನದ ಕೋಣೆಗೆ ಪರದಾಟವಿಲ್ಲ. ಮುರ್ಡೇಶ್ವರ ಅಲ್ಲಿಂದ ಒಂದು ಸಂಜೆಯ ಹಾದಿ. ಉಳಿದದ್ದು ಇನ್ನೊಂದು ವರ್ಷಕ್ಕಿರಲಿ.

ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಕುಮಟಾ ಮೇಲೆ ಸುಮಾರು 300 ಕಿ.ಮೀ. ಬೆಳಗ್ಗೆ 5ಕ್ಕೆ ಬಿಟ್ಟರೆ ಊಟದ ಹೊತ್ತಿಗೆ ತಲುಪಬಹುದು. ಯಲ್ಲಾಪುರ ದಾಟಿದ ಮೇಲೆ ಅರಬೈಲು ಘಾಟ್. ಮಕ್ಕಳು ವಾಂತಿ ಮಾಡುವುದು ಅಲ್ಲೇ. ಹುಬ್ಬಳ್ಳಿಯಲ್ಲಿ ಇಡ್ಲಿ ಸಾಕು, ಪೂರಿ, ಹಾಲು ಬೇಡ. ತಿರುವಿನಲ್ಲಿ ಮೊಬೈಲ್ ಕಿತ್ತಿಟ್ಟುಕೊಳ್ಳಿ: ಕಣ್ಣು ಪರದೆಯ ಮೇಲೆ ನಿಂತಿದ್ದು ಮೈ ಮಾತ್ರ ವಾಲಾಡಿದರೆ ಹೊಟ್ಟೆ ತೊಳಸುತ್ತದೆ. ವೈದ್ಯರು ಮಾತ್ರೆ ಬರೆದಿದ್ದರೆ ಅದನ್ನು ಘಾಟ್ ಇಳಿಯುವಾಗಲ್ಲ, ಅರ್ಧ ಗಂಟೆಗೂ ಮೊದಲೇ ಕೊಡಿ.

ನೀರಿಗೆ ಇಳಿಯಲು ಬೆಳಗ್ಗೆ 7ರಿಂದ 9.30, ಸಂಜೆ 4.30ರ ನಂತರ ಒಳ್ಳೆಯ ಹೊತ್ತು. ನಡುವಿನ ಬಿಸಿಲು ನಿದ್ದೆಗೆ. ಮಕ್ಕಳಿಗೆ ಮೊಣಕಾಲುದ್ದ ನೀರೇ ಗಡಿ, ಕೈ ಹಿಡಿಯಲು ಒಬ್ಬೊಬ್ಬರಿಗೆ ಒಬ್ಬೊಬ್ಬ ದೊಡ್ಡವರು. ತುಂಗಭದ್ರಾ ಕಾಲುವೆಯಲ್ಲಿ ಈಜು ಕಲಿತವರೇ ಕಡಲಲ್ಲಿ ಹೆಚ್ಚು ಧೈರ್ಯ ಮಾಡುತ್ತಾರೆ, ಅದೇ ಅಪಾಯ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಷ್ಟು ನೀರು ಶಾಂತವಾಗಿ, ಕದಡಿದಂತೆ ಕಂಡರೆ ಅಲ್ಲಿಗೆ ಹೋಗಬೇಡಿ. ದಡಕ್ಕೆ ಬಂದ ನೀರು ಮತ್ತೆ ಕಡಲೊಳಕ್ಕೆ ಓಡುವ ಹಾದಿ ಅದು. ಸಿಕ್ಕಿಕೊಂಡರೆ ನೇರ ದಡದತ್ತ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತ ದಾಟಿ, ಆಮೇಲೆ ದಡಕ್ಕೆ ಬರಬೇಕು. ಶರಾವತಿ ಸಮುದ್ರ ಸೇರುವ ಅಳಿವೆಯ ಬಳಿಯಂತೂ ಸ್ನಾನವೇ ಬೇಡ.

ಪ್ರಶ್ನೆ: ಕಳೆದ ಸಲ ಕರಾವಳಿಯಲ್ಲಿ ಬಂಗಡೆ ತಿಂದ ಅರ್ಧ ಗಂಟೆಗೆ ಮಗನ ಮುಖ ಕೆಂಪೇರಿ ಮೈತುಂಬ ದದ್ದು ಎದ್ದವು. ಅವನಿಗೆ ಮೀನು ಆಗುವುದೇ ಇಲ್ಲವೇ?
– ಓದುಗ, ಸಿಂಧನೂರು

ಉತ್ತರ: ಅಲರ್ಜಿಯೇ ಇರಬಹುದು, ವೈದ್ಯರಿಗೆ ತೋರಿಸದೆ ಮತ್ತೆ ತಿನ್ನಿಸಬೇಡಿ. ಆದರೆ ಇನ್ನೊಂದು ಕಾರಣವೂ ಉಂಟು. ಬಂಗಡೆ, ತಾರ್ಲಿಯಂಥ ಮೀನು ಐಸ್ ಇಲ್ಲದೆ ಬಿಸಿಲಲ್ಲಿ ಕೂತರೆ ಬ್ಯಾಕ್ಟೀರಿಯಾಗಳಿಂದ ಅದರಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂತೆಯೇ ದದ್ದು ಎಬ್ಬಿಸುವ ರಾಸಾಯನಿಕ ಹುಟ್ಟುತ್ತದೆ. ಎಷ್ಟು ಹುರಿದರೂ, ಕುದಿಸಿದರೂ ಅದು ಹೋಗುವುದಿಲ್ಲ. ತಿಂದಾಗ ನಾಲಿಗೆ ಚುರುಗುಟ್ಟಿತ್ತೇ, ಜೊತೆಗೆ ತಿಂದ ಬೇರೆಯವರಿಗೂ ಹಾಗೆ ಆಗಿತ್ತೇ ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ.

ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡಿ: ಕೆಂಪಗಿರಬೇಕು, ಕಂದಿರಬಾರದು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಲ್ಲಿ ಒತ್ತಿದ ಗುಳಿ ತಟ್ಟನೆ ಮೇಲೇಳಬೇಕು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ; ಆಗ ತಟ್ಟೆಗೆ ಬರುವ ದೊಡ್ಡ ಮೀನು ಬಹುಪಾಲು ಶೈತ್ಯಾಗಾರದ್ದು. ಹೋಟೆಲಿನ ಪಟ್ಟಿಯಲ್ಲಿ ಇಸ್ವಾಣ, ಪಾಂಪ್ಲೆಟ್‌ಗೆ ‘ಗಾತ್ರಕ್ಕೆ ತಕ್ಕ ದರ’ ಎಂದಿದ್ದರೆ ಮೀನು ತರಿಸಿ ನೋಡಿ, ದರ ಕೇಳಿ, ಆಮೇಲೆ ಹೂಂ ಅನ್ನಿ.

ಅಡುಗೆಮನೆ ಬಿಟ್ಟುಕೊಡುವ ಹೋಂಸ್ಟೇ ಸಿಕ್ಕರೆ ರವಾ ಫ್ರೈ ನೀವೇ ಮಾಡಬಹುದು. 6 ಬಂಗಡೆಗೆ 3 ಚಮಚ ಬ್ಯಾಡಗಿ ಮೆಣಸಿನ ಪುಡಿ, ಅರ್ಧ ಚಮಚ ಅರಿಶಿನ, ಒಂದು ಚಮಚ ಶುಂಠಿ-ಬೆಳ್ಳುಳ್ಳಿ, ಒಂದು ಚಮಚ ಗಟ್ಟಿ ಹುಣಸೆ ರಸ, ಉಪ್ಪು. ಮೀನಿನ ನೀರು ಪೂರ್ತಿ ಒರೆಸಿ, ಗೆರೆ ಹಾಕಿ, ಮಸಾಲೆ ಸವರಿ 20 ನಿಮಿಷ ಬಿಡಿ. ತವಾ ಮೇಲೆ ಹಾಕುವ ಹೊತ್ತಿಗೇ ರವೆಯಲ್ಲಿ ಹೊರಳಿಸಿ. ಮೊದಲೇ ಹೊರಳಿಸಿಟ್ಟರೆ ರವೆ ನೆನೆದು ಉದುರುತ್ತದೆ. ಎಣ್ಣೆ ಚೆನ್ನಾಗಿ ಕಾಯದಿದ್ದರೆ ಚರ್ಮ ತವಾಕ್ಕೆ ಅಂಟುತ್ತದೆ. ಮಧ್ಯಮ ಉರಿ, ಒಂದೊಂದು ಬದಿಗೆ 4–5 ನಿಮಿಷ, ಒಮ್ಮೆ ಮಾತ್ರ ತಿರುವಿಹಾಕಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಎರಡು ಹೊತ್ತು ರೊಟ್ಟಿ ಬೇಕು. ರೈಲಿನಲ್ಲಿ ಹೋಗಬಹುದೇ?
– ನಿವೃತ್ತ ಶಿಕ್ಷಕರು, ಬಳ್ಳಾರಿ

ಉತ್ತರ: ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಅಂಕೋಲಾ ಕಡೆಗೆ ಬಸ್ಸು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಕಾಯುತ್ತ ಕೂರಬೇಡಿ. ಕಟಕ ರೊಟ್ಟಿ ಬಟ್ಟೆಯಲ್ಲಿ ಕಟ್ಟಿದರೆ ಕಡಲ ತೇವಕ್ಕೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಜೊತೆಗೆ ಶೇಂಗಾ ಚಟ್ನಿಪುಡಿ. ಊಟಕ್ಕೆ ಕೂತಾಗ ಕುಚ್ಚಲಕ್ಕಿ ಬೇಡವಾದರೆ ‘ಬೆಳ್ತಿಗೆ ಅನ್ನ’ ಎಂದು ಕೇಳಿ. ತಂಬುಳಿ, ಅಪ್ಪೆಹುಳಿ, ನೀರುದೋಸೆ ಬಿಡಬೇಡಿ. ಮುರುಗಲು (ಕೋಕಂ) ಶರಬತ್ತನ್ನು ಮಾತ್ರ ಸಕ್ಕರೆ ಕಡಿಮೆ ಹಾಕಿಸಿಕೊಂಡು ಕುಡಿಯಿರಿ.