ಸಿರಪ್ ಕುಡಿದ ಮೇಲೆ ಕೆಮ್ಮು ಹೆಚ್ಚಾಯಿತು, ಏಕೆ?

ಪ್ರಶ್ನೆ: ನಾಲ್ಕು ದಿನಗಳಿಂದ ಎದೆಯಲ್ಲಿ ಕಫ ಕಟ್ಟಿ ಕೆಮ್ಮು. ಕಫ ಸಡಿಲಿಸುವ ಸಿರಪ್ ಶುರು ಮಾಡಿದ ಮೇಲೆ ಇನ್ನೂ ಜಾಸ್ತಿಯಾದಂತಿದೆ. ನಿಲ್ಲಿಸಲೆ? ರಾತ್ರಿ ನಿದ್ದೆಗೆಂದು ಮನೆಯಲ್ಲಿರುವ ಒಣಕೆಮ್ಮಿನ ಸಿರಪ್ಪನ್ನೂ ಜೊತೆಗೆ ಕುಡಿಯಬಹುದೆ?

ಉತ್ತರ: ಕಫ ಮೊದಲಿಗಿಂತ ಸಲೀಸಾಗಿ ಕಿತ್ತು ಬರುತ್ತಿದ್ದರೆ ಗಾಬರಿ ಬೇಡ. ಈ ಸಿರಪ್ ಇರುವುದು ಕೆಮ್ಮು ನಿಲ್ಲಿಸಲು ಅಲ್ಲ, ಅಂಟಾದ ಕಫವನ್ನು ತೆಳುವಾಗಿಸಲು. ಅದನ್ನು ಹೊರಗೆ ಹಾಕುವುದು ಕೆಮ್ಮೇ. ಒಣಕೆಮ್ಮಿನ ಸಿರಪ್ಪಿನಲ್ಲಿ ಸಾಮಾನ್ಯವಾಗಿ ಇರುವ ಡೆಕ್ಸ್‌ಟ್ರೊಮೆಥಾರ್ಫಾನ್ ಆ ಕೆಮ್ಮನ್ನೇ ಅದುಮುತ್ತದೆ. ಸಡಿಲವಾದ ಕಫ ಎದೆಯಲ್ಲೇ ಉಳಿದುಬಿಡುತ್ತದೆ, ಹಾಗಾಗಿ ಎರಡನ್ನೂ ಸೇರಿಸಬೇಡಿ. ಕ್ಲೋರ್‌ಫೆನಿರಮೈನ್ ಎಂಬ ಅಲರ್ಜಿ ಔಷಧ ಇರುವ ಸಿರಪ್ ನಿದ್ದೆ ತಂದರೂ ಕಫವನ್ನು ಗಟ್ಟಿಯಾಗಿಸಬಹುದು. ಬಾಟಲಿಯ ಹೆಸರಿಗಿಂತ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು ಮುಖ್ಯ.

ಅಲ್ಲಿ ಕಫ ಸಡಿಲಿಸುವ ಔಷಧವಾದ ಗ್ವೈಫೆನೆಸಿನ್ ಒಂದೇ ಇದ್ದು, 5 ಮಿ.ಲೀ.ನಲ್ಲಿ 100 ಮಿ.ಗ್ರಾಂ ಎಂದಿದ್ದರೆ, ವಯಸ್ಕರಿಗೆ ಒಂದು ಸಲಕ್ಕೆ 10ರಿಂದ 20 ಮಿ.ಲೀ.; ಎರಡು ಸಲದ ನಡುವೆ ಕನಿಷ್ಠ 4 ಗಂಟೆ ಅಂತರ; 24 ಗಂಟೆಯಲ್ಲಿ 2400 ಮಿ.ಗ್ರಾಂ ಮೀರಬಾರದು. ಆದರೆ ಇದೇ ಲೆಕ್ಕವನ್ನು ಮಿಶ್ರಣದ ಸಿರಪ್ಪಿಗೆ ಹಚ್ಚಿದರೆ ಅಪಾಯ. ಶ್ವಾಸನಾಳ ಹಿಗ್ಗಿಸುವ ಟರ್ಬುಟಲಿನ್, ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್, ಗ್ವೈಫೆನೆಸಿನ್ ಮೂರೂ ಸೇರಿದ ಬಾಟಲಿಗಳಲ್ಲಿ ಅಳತೆ ಹೆಚ್ಚಿಸಿದಂತೆ ಟರ್ಬುಟಲಿನ್ ಕೂಡ ಹೆಚ್ಚಿ ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಹೃದಯ, ಥೈರಾಯ್ಡ್ ತೊಂದರೆ ಇರುವವರು ಇಂಥದ್ದನ್ನು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮಧುಮೇಹಿಗಳು ಸಕ್ಕರೆರಹಿತ ಸಿರಪ್ ಕೇಳಿ ಪಡೆಯಿರಿ.

ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಒಂದೊಂದು ಒಂದೊಂದು ಅಳತೆ. ಬಾಟಲಿಯ ಜೊತೆ ಬಂದ ಮುಚ್ಚಳವನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಬಗ್ಗಿ ಗೆರೆಯನ್ನು ಕಣ್ಣಿನ ಮಟ್ಟದಲ್ಲಿ ನೋಡಿ.

ನಿಜ ಹೇಳಬೇಕೆಂದರೆ ಈ ಸಿರಪ್ಪುಗಳಿಂದ ಸಿಗುವ ಆರಾಮ ಸಾಧಾರಣವಾದದ್ದು. ದಿನವಿಡೀ ಆಗಾಗ ಬಿಸಿನೀರು ಕುಡಿಯಿರಿ. ಕಫ ತೆಗೆಯಲು ನೆಟ್ಟಗೆ ಕುಳಿತು, ನಿಧಾನವಾಗಿ ಉಸಿರೆಳೆದು, ಎರಡು-ಮೂರು ಸೆಕೆಂಡು ತಡೆದು, ಕನ್ನಡಿಗೆ ಆವಿ ಹಿಡಿಸುವಂತೆ ಬಾಯಿ ತೆರೆದು ‘ಹಾ’ ಎಂದು ಜೋರಾಗಿ ಬಿಡಿ. ಎರಡು ಸಲ ಹೀಗೆ ಮಾಡಿ ಆಮೇಲೆ ಒಮ್ಮೆ ಕೆಮ್ಮಿ. ಸುಮ್ಮನೆ ಕೆಮ್ಮುತ್ತಲೇ ಇದ್ದರೆ ಗಂಟಲು ಕೆರೆಯುತ್ತದೆಯೇ ಹೊರತು ಕಫ ಮೇಲೇರುವುದಿಲ್ಲ. ಮಲಗುವಾಗ ತಲೆದಿಂಬು ಎತ್ತರಿಸಿಕೊಳ್ಳಿ.

ಪ್ರಶ್ನೆ: ಮೂರು ವರ್ಷದ ಮಗುವಿಗೆ ಇದೇ ಸಿರಪ್ಪನ್ನು ಅರ್ಧ ಅಳತೆಯಲ್ಲಿ ಕೊಡಬಹುದೆ?

ಉತ್ತರ: ದಯವಿಟ್ಟು ಬೇಡ. ದೊಡ್ಡವರ ಅಳತೆಯ ಅರ್ಧ ಮಗುವಿನ ಅಳತೆಯಲ್ಲ. ನಾಲ್ಕು ವರ್ಷದೊಳಗಿನವರಿಗೆ ಕೆಮ್ಮು-ಶೀತದ ಸಿರಪ್ಪುಗಳನ್ನು ನೀವಾಗಿಯೇ ಕೊಡಬಾರದು. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಟೀ ಚಮಚ ಜೇನುತುಪ್ಪ ಕೊಡಬಹುದು. ವರ್ಷ ತುಂಬದವರಿಗೆ ಜೇನು ಕೂಡದು, ಬಾಟ್ಯುಲಿಸಂ ಎಂಬ ಗಂಭೀರ ವಿಷಬಾಧೆಯ ಭಯವಿದೆ. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೆಳೆಯುತ್ತಿದ್ದರೆ, ಉಸಿರು ವೇಗವಾಗಿದ್ದರೆ, ಮಗು ಹಾಲು-ನೀರು ಬಿಟ್ಟರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಕಫ ಹಳದಿ-ಹಸಿರಾಗಿದೆ. ಆಂಟಿಬಯಾಟಿಕ್ ಬೇಕೆ?

ಉತ್ತರ: ಬಣ್ಣವೊಂದನ್ನೇ ನೋಡಿ ಬೇಡ. ವೈರಸ್ಸಿನ ಸೋಂಕಿನಲ್ಲೂ ಕಫಕ್ಕೆ ಆ ಬಣ್ಣ ಬರುತ್ತದೆ. ಆದರೆ ಕಫದಲ್ಲಿ ರಕ್ತ, ಏದುಸಿರು, ಎದೆನೋವು, ಇಳಿಯದ ಜ್ವರ, ತೂಕ ಇಳಿಕೆ, ಎರಡು ವಾರ ದಾಟಿದ ಕೆಮ್ಮು, ಇವುಗಳಲ್ಲಿ ಒಂದಿದ್ದರೂ ಸಿರಪ್ ನೆಚ್ಚಿ ಕೂರದೆ ವೈದ್ಯರಿಗೆ ತೋರಿಸಿ.