ಸಮಕ್ಕೆ ಮರಳದ ಸಂಗೀತ

ಬಸವನಗುಡಿಯ ಓದುಗರೊಬ್ಬರು ಬರೆದಿದ್ದಾರೆ: “ಹೋದ ಸಂಚಿಕೆಯಲ್ಲಿ ಹೆನ್ರಿ ಕೌ ಮೊದಲಾದ ಯುರೋಪಿನ ರಾಕ್ ತಂಡಗಳ ಬಗ್ಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಕೆಲಸಕ್ಕಾಗಿ ಪುಣೆಗೆ ಹೋದ ನನ್ನ ಮಗ ಮನೆಯಲ್ಲಿ ಬಿಟ್ಟುಹೋದ ಸಿ.ಡಿ.ಗಳ ನಡುವೆ ಅದೇ ತಂಡದ ‘ಅನ್‌ರೆಸ್ಟ್’ ಸಿಕ್ಕಿತು. ಹಾಕಿ ಕೇಳಿದೆ. ನಲವತ್ತು ವರ್ಷಗಳಿಂದ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನು ಕೇಳಿಕೊಂಡು ಬಂದವಳು ನಾನು. ಇದರಲ್ಲಿ ತಾಳ ಸಿಗಲಿಲ್ಲ, ಹಾಡು ಸಿಗಲಿಲ್ಲ, ತಲೆನೋವು ಮಾತ್ರ ಸಿಕ್ಕಿತು. ಇದಕ್ಕೆ ಪ್ರಗತಿಶೀಲ ಎಂಬ ಹೆಸರೇಕೆ? ಇದರಲ್ಲಿ ನಿಜವಾಗಿ ಕೇಳುವಂಥದ್ದು ಇದೆಯೇ, ಇಲ್ಲವೇ ವಿದ್ಯೆಯ ಪ್ರದರ್ಶನವೇ? ಬೆಂಗಳೂರಿನ ಕನ್ನಡ ಪತ್ರಿಕೆಗೆ ಇದರ ಸಂಬಂಧವೇನು? ಮಗ ಬೇಸಿಗೆಯಲ್ಲಿ ರಜೆಗೆ ಬರುತ್ತಾನೆ. ಅಷ್ಟರೊಳಗೆ ನನ್ನಂಥವಳು ಕೇಳಬಹುದಾದದ್ದು ಏನಾದರೂ ಇದ್ದರೆ ತಿಳಿಸಿ.”

ಮಾನ್ಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ‘ತಾಳ ಸಿಗಲಿಲ್ಲ’ ಎಂದು ಬರೆದಿದ್ದೀರಿ. ಅಂದರೆ ಆ ಗದ್ದಲದ ನಡುವೆಯೂ ನೀವು ತಾಳವನ್ನು ಹುಡುಕಿದ್ದೀರಿ. ಈ ಸಂಗೀತವನ್ನು ಕೇಳಿ ದೂರಿದ ಬಹಳ ಜನರನ್ನು ನಾನು ಬಲ್ಲೆ. ಅವರೆಲ್ಲರೂ ಸದ್ದು ಹೆಚ್ಚು, ಕರ್ಕಶ ಎಂದರು. ತೊಡೆಯ ಮೇಲೆ ಕೈಯಿಟ್ಟು ಎಣಿಸಲು ಹೊರಟವರು ನೀವೊಬ್ಬರೇ. ಆದ್ದರಿಂದ ಉತ್ತರವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಏಳರ ಎಣಿಕೆ, ಐದರ ಎಣಿಕೆ ಪಾಶ್ಚಾತ್ಯ ರಾಕ್ ಕೇಳುಗನಿಗೆ ಸಾಹಸ. ನಿಮಗೆ ಅದು ಮಿಶ್ರಛಾಪು, ಖಂಡಛಾಪು. ಅಡುಗೆ ಮಾಡುತ್ತಲೇ ಹಾಕಬಲ್ಲ ತಾಳ. ಹಾಗಾದರೆ ನಿಮಗೆ ಅಡ್ಡಿಯಾದದ್ದು ಯಾವುದು? ಆವರ್ತ, ಅಂದರೆ ತಾಳದ ಸುತ್ತು, ಎಂದು ನನಗನ್ನಿಸುತ್ತದೆ. ನಮ್ಮ ಸಂಗೀತದಲ್ಲಿ ಮೃದಂಗ ಎಷ್ಟು ದೂರ ಹೋದರೂ ತನಿಯ, ಅಂದರೆ ತನ್ನ ಒಂಟಿ ವಾದನದ, ಕೊನೆಗೆ ಕೋರ್ವೆ ಎಂಬ ಲೆಕ್ಕದ ಮುಕ್ತಾಯ ಕಟ್ಟಿಕೊಂಡು ಪಲ್ಲವಿ ಶುರುವಾಗುವ ಜಾಗಕ್ಕೆ, ಎಡುಪಿಗೆ, ಬಂದು ನಿಲ್ಲುತ್ತದೆ. ಆ ಕ್ಷಣಕ್ಕಾಗಿ ಸಭೆಯೆಲ್ಲ ಉಸಿರು ಹಿಡಿದು ಕೂತಿರುತ್ತದೆ. ಹೆನ್ರಿ ಕೌ ತಂಡದ ರಚನೆಗಳಲ್ಲಿ ಈ ಮರಳುವಿಕೆ ಅಪರೂಪ. ಏಳು ಮಾತ್ರೆಯ ಒಂದು ಸಾಲು ಬರುತ್ತದೆ, ಅದರ ಹಿಂದೆ ಐದರದು, ಮತ್ತೆ ಹನ್ನೊಂದರದು. ಹಿಂದಿನದು ನೀವು ಕಾಯುವ ಜಾಗದಲ್ಲಿ ತಿರುಗಿ ಬರುವುದಿಲ್ಲ. ನಿಮ್ಮ ಕಿವಿ ಸಮಕ್ಕಾಗಿ, ಅಂದರೆ ಸುತ್ತಿನ ಮೊದಲ ಪೆಟ್ಟಿಗಾಗಿ, ಕಾಯುತ್ತಾ ಕಾಯುತ್ತಾ ದಣಿದಿದೆ. ತಲೆನೋವಿನ ಮೂಲ ಅದು.

ಈ ತಂಡ ಹುಟ್ಟಿದ್ದು 1968ರಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ. ಫ್ರೆಡ್ ಫ್ರಿತ್, ಟಿಮ್ ಹಾಜ್‌ಕಿನ್‌ಸನ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಟ್ಟಿದ್ದು. ನಿಮ್ಮ ಕೈಗೆ ಸಿಕ್ಕ ‘ಅನ್‌ರೆಸ್ಟ್’ ಅವರ ಎರಡನೆಯ ಆಲ್ಬಂ, 1974ರದು. ಮೊದಲ ಕೇಳ್ಮೆಗೆ ಅದಕ್ಕಿಂತ ಕಠಿಣವಾದದ್ದನ್ನು ಹುಡುಕಿ ತರುವುದು ಕಷ್ಟ! ಅದರ ಉತ್ತರಾರ್ಧದ ಬಹುಪಾಲು ಸ್ಟುಡಿಯೋದಲ್ಲಿ ಆಶುವಾಗಿ ನುಡಿಸಿದ್ದು. ಆ ಟೇಪುಗಳನ್ನು ಕತ್ತರಿಸಿ, ಜೋಡಿಸಿ, ವೇಗ ಬದಲಿಸಿ ಕಟ್ಟಿದ್ದು. ಅಲ್ಲಿ ತಾಳವನ್ನು ಹುಡುಕಿದರೆ ಸಿಗದು. ಪೂರ್ವಾರ್ಧದ ಮಾತು ಬೇರೆ. ಅದರಲ್ಲಿ ‘ರೂಯಿನ್ಸ್’ ಎಂಬ, ಸುಮಾರು ಹನ್ನೆರಡು ನಿಮಿಷಗಳ ಫ್ರಿತ್ ರಚನೆ ಇದೆ. ಅದರ ಮಾತ್ರೆಗಳನ್ನೂ ಸ್ವರಮೇಳವನ್ನೂ ಅವರು ಕಟ್ಟಿದ್ದು, ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿಸಿದರೆ ಮುಂದಿನದು ಸಿಗುವ ಫಿಬೊನಾಚಿ ಸರಣಿಯ ಮೇಲೆ: ಒಂದು, ಎರಡು, ಮೂರು, ಐದು, ಎಂಟು, ಹದಿಮೂರು. ಹಂಗೆರಿಯ ಸಂಗೀತಕಾರ ಬಾರ್ಟೋಕ್ ಈ ಸಂಖ್ಯೆಗಳನ್ನು ಬಳಸಿದ ಬಗೆ ಅವರನ್ನು ಸೆಳೆದಿತ್ತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಸಂಖ್ಯೆಗಳು ನಮಗೆ ಹೊರಗಿನವಲ್ಲ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಮೂರು ಲಘು, ಲಘು-ಗುರು, ಗುರು-ಲಘು, ಹೀಗೆ ಮೂರು ಬಗೆ. ನಾಲ್ಕು ಮಾತ್ರೆಗೆ ಐದು ಬಗೆ, ಐದಕ್ಕೆ ಎಂಟು, ಆರಕ್ಕೆ ಹದಿಮೂರು. ಅದೇ ಸರಣಿ. ಹನ್ನೆರಡನೆಯ ಶತಮಾನದ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇದನ್ನು ವಿವರಿಸಿದ್ದು ಫಿಬೊನಾಚಿಗಿಂತ ಮೊದಲು. ಫ್ರಿತ್ ಇದನ್ನು ನಮ್ಮಿಂದ ಪಡೆದರೆಂದು ನಾನು ಹೇಳುತ್ತಿಲ್ಲ. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ ಯಾರಿಗಾದರೂ ‘ರೂಯಿನ್ಸ್’ನ ಒಳಗೆ ಹೋಗಲು ಒಂದು ಬಾಗಿಲಿದೆ ಎಂದಷ್ಟೇ ಹೇಳುತ್ತಿದ್ದೇನೆ. ಅದರಲ್ಲಿ ಲಿಂಡ್ಸೆ ಕೂಪರ್ ನುಡಿಸುವ ಬಸೂನ್ ಎಂಬ ದಪ್ಪದನಿಯ ಮರದ ವಾದ್ಯವನ್ನು ಕಿವಿಯಿಂದ ಹಿಡಿದುಕೊಳ್ಳಿ. ಉಳಿದ ವಾದ್ಯಗಳು ಚದುರಿದಾಗಲೂ ಅದು ನಿಮ್ಮ ಕೈಬಿಡುವುದಿಲ್ಲ.

ಇನ್ನು ಹೆಸರಿನ ವಿಚಾರ. ‘ಪ್ರಗತಿಶೀಲ’ ಎಂದರೆ ಕನ್ನಡದ ಓದುಗರಿಗೆ ಅ.ನ.ಕೃ. ಅವರ ಕಾಲದ ಸಾಹಿತ್ಯ ಚಳವಳಿ ನೆನಪಾಗುವುದು ಸಹಜ. ಪ್ರೋಗ್ರೆಸಿವ್ ರಾಕ್ ಎಂಬ ಹೆಸರಿಗೆ ಅಂಥ ಅರ್ಥವಿಲ್ಲ. 1960ರ ದಶಕದ ಕೊನೆಗೆ, ಮೂರು ನಿಮಿಷದ ಕುಣಿತದ ಹಾಡಿಗೆ ತೃಪ್ತರಾಗದೆ ದೀರ್ಘ ರಚನೆಗಳತ್ತ ಹೊರಳಿದ ರಾಕ್ ಸಂಗೀತಕ್ಕೆ ಇಟ್ಟ ಹೆಸರು ಅದು. ಇಂಥ ತಂಡಗಳಿಗೆ ಅಂಟಿಸುವ ಇನ್ನೊಂದು ಹೆಸರು ಅವಾಂಗಾರ್ಡ್. ಅದು ಫ್ರೆಂಚ್ ಪದ; ಸೈನ್ಯದ ಮುಂಚೂಣಿ ಎಂದು ಅರ್ಥ. ನನ್ನ ಮಟ್ಟಿಗೆ ಈ ತಂಡಗಳಿಗೆ ಹೊಂದುವ ಕನ್ನಡದ ಹೆಸರು ‘ಬಂಡಾಯ’. ಕಾರಣ ಹೇಳುತ್ತೇನೆ.

1978ರ ಮಾರ್ಚ್ 12ರಂದು ಲಂಡನ್ನಿನ ಒಂದು ರಂಗಮಂದಿರದಲ್ಲಿ ಐದು ದೇಶಗಳ ಐದು ತಂಡಗಳು ಒಂದೇ ವೇದಿಕೆಗೆ ಬಂದವು. ಇಂಗ್ಲೆಂಡಿನಿಂದ ಹೆನ್ರಿ ಕೌ, ಇಟಲಿಯಿಂದ ಸ್ಟಾರ್ಮಿ ಸಿಕ್ಸ್, ಸ್ವೀಡನ್ನಿನಿಂದ ಸಾಮ್ಲಾ ಮಾಮಾಸ್ ಮನ್ನಾ, ಬೆಲ್ಜಿಯಮ್ಮಿನಿಂದ ಯೂನಿವೆರ್ ಜೀರೊ, ಫ್ರಾನ್ಸಿನಿಂದ ಎಟ್ರೋನ್ ಫೂ ಲೆಲೂಬ್ಲಾನ್. ತಮ್ಮ ಒಕ್ಕೂಟಕ್ಕೆ ‘ರಾಕ್ ಇನ್ ಅಪೊಸಿಷನ್’ ಎಂದು ಹೆಸರಿಟ್ಟರು. ರೆಕಾರ್ಡ್ ಕಂಪನಿಗಳು ನೀವು ಕೇಳಬಾರದೆಂದು ಬಯಸುವ ಸಂಗೀತ ಇದು, ಎಂಬುದು ಅವರ ಘೋಷಣೆಯಾಗಿತ್ತು. ಹೆನ್ರಿ ಕೌ ದೊಡ್ಡ ಕಂಪನಿಯೊಂದರ ಒಪ್ಪಂದದಿಂದ ಹೊರಬಂದಿತ್ತು. ಇಂಗ್ಲೆಂಡ್ ಮತ್ತು ಅಮೆರಿಕದ ಹಾಡುಗಳೇ ಯುರೋಪಿನ ಎಲ್ಲ ಅಂಗಡಿಗಳನ್ನೂ ರೇಡಿಯೋಗಳನ್ನೂ ತುಂಬಿದ್ದಾಗ ಇಟಲಿಯವರು ಇಟಾಲಿಯನ್‌ನಲ್ಲಿ, ಫ್ರಾನ್ಸಿನವರು ಫ್ರೆಂಚಿನಲ್ಲಿ ಹಾಡುತ್ತಿದ್ದರು. ಇದಾದ ಒಂದು ವರ್ಷಕ್ಕೆ, 1979ರ ಮಾರ್ಚ್‌ನಲ್ಲಿ, ಇದೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ದೊಡ್ಡ ವೇದಿಕೆ ಜಾಗ ಕೊಡದಿದ್ದಾಗ ಬರಹಗಾರರು ತಮ್ಮದೇ ವೇದಿಕೆ ಕಟ್ಟಿಕೊಂಡರು. ಎರಡಕ್ಕೂ ನೇರ ನಂಟು ಯಾವುದೂ ಇಲ್ಲ. ಇಲ್ಲಿ ದಲಿತರ ನೋವು ಮಾತಾಡಿತು, ಅದರ ತೂಕವೇ ಬೇರೆ. ಆದರೂ ಬಾಗಿಲು ಮುಚ್ಚಿದವರ ಮುಂದೆ ಕೈಕಟ್ಟಿ ನಿಲ್ಲದೆ ತಮ್ಮ ಚಪ್ಪರವನ್ನು ತಾವೇ ಹಾಕಿಕೊಂಡ ಆ ಮನೋಧರ್ಮವನ್ನು ಕನ್ನಡಿಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ಐದರಲ್ಲಿ ನನ್ನ ಹೃದಯಕ್ಕೆ ಹತ್ತಿರವಾದದ್ದು ಯೂನಿವೆರ್ ಜೀರೊ. ತೊಂಬತ್ತರ ದಶಕದಲ್ಲಿ ಹನುಮಂತನಗರದ ಒಂದು ಬಾಡಿಗೆ ಕೋಣೆಯಲ್ಲಿದ್ದಾಗ ಗೆಳೆಯನೊಬ್ಬ ಅವರ ಮೊದಲ ಆಲ್ಬಮ್ಮನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟಿದ್ದ. 1977ರ ಆಲ್ಬಂ ಅದು. ಮುಂದೆ ‘1313’ ಎಂಬ ಹೆಸರಿನಲ್ಲಿ ಮರುಬಿಡುಗಡೆಯಾಯಿತು. ಎರಡು ಬಾರಿ ಅರ್ಧಕ್ಕೇ ನಿಲ್ಲಿಸಿದ್ದೆ. ಒಂದು ಮಳೆಗಾಲದ ರಾತ್ರಿ ಕರೆಂಟು ಹೋಯಿತು. ಓದಲು ಬೆಳಕಿಲ್ಲ, ಟೇಪ್ ರೆಕಾರ್ಡರಿಗೆ ಸೆಲ್ ಹಾಕಿ ಕೂತೆ. ಆ ಕತ್ತಲಲ್ಲಿ ಬಸೂನ್ ಮತ್ತು ಪಿಟೀಲುಗಳ ಅಡಿಯಲ್ಲಿ ಇನ್ನೊಂದು ದನಿ ಉಸಿರಾಡುತ್ತಿರುವುದು ಕೇಳಿಸಿತು. ಹಾರ್ಮೋನಿಯಂ! ಬಾಲ್ಯದಲ್ಲಿ ತುಮಕೂರಿನಲ್ಲಿ ಕಂಪನಿ ನಾಟಕದ ವೇದಿಕೆಯ ಮುಂದೆ ಕೂತು ಕೇಳಿದ ಅದೇ ವಾದ್ಯ. ಅಲ್ಲಿ ಅದು ನಾಯಕನ ಪ್ರವೇಶಕ್ಕೆ ಉಕ್ಕುತ್ತಿತ್ತು, ವಿದೂಷಕನ ಹಿಂದೆ ಕುಣಿಯುತ್ತಿತ್ತು. ಇಲ್ಲಿ ತಗ್ಗಿದ ದನಿಯಲ್ಲಿ, ಕದ ಹಾಕಿದ ಮನೆಯೊಳಗೆ ಯಾರೋ ನಡೆದಾಡುವಂತೆ ನುಡಿಯುತ್ತಿತ್ತು. ಗೊತ್ತಿದ್ದ ವಾದ್ಯ ಅಷ್ಟು ಅಪರಿಚಿತವಾಗಿ ಕೇಳಿಸಿದ್ದು ಆಮೇಲೆ ಎಂದೂ ಇಲ್ಲ. ಡ್ರಮ್ ನುಡಿಸುವ ಡೇನಿಯಲ್ ಡೆನಿ ಇಲ್ಲಿ ಲಯ ಹಿಡಿಯುವುದಕ್ಕಷ್ಟೇ ಕೂತವರಲ್ಲ. ಉಳಿದವರ ಸ್ವರವಾಕ್ಯಗಳ ಜೊತೆಯಲ್ಲೇ ನಡೆಯುತ್ತಾರೆ. ಕೃತಿಯ ಸಾಹಿತ್ಯವನ್ನು ಬಲ್ಲ ಮೃದಂಗಗಾರರು ನುಡಿಸಿದಾಗ ನಿಮಗೆ ಆಗುವ ಸಂತೋಷವನ್ನು ಇಲ್ಲೂ ಕಾಣಬಲ್ಲಿರಿ. ಅವರ 1979ರ ‘ಎರೆಸಿ’ ಇನ್ನೂ ಕಪ್ಪು. ಮೊದಲ ರಚನೆಯೇ ಇಪ್ಪತ್ತೈದು ನಿಮಿಷ. ಅದನ್ನು ಈಗಲೇ ಮುಟ್ಟಬೇಡಿ.

ಫ್ರಾನ್ಸಿನ ಮಾಗ್ಮಾ ತಂಡವನ್ನೂ ನಿಮ್ಮ ಮಗ ಇಟ್ಟುಕೊಂಡಿರಬಹುದು. ಅದರ ಡ್ರಮ್ ವಾದಕ ಕ್ರಿಸ್ತಿಯಾನ್ ವಾಂದೆ ‘ಕೊಬಾಯನ್’ ಎಂಬ ಭಾಷೆಯನ್ನೇ ಸೃಷ್ಟಿಸಿ ಅದರಲ್ಲಿ ಹಾಡಿಸಿದರು. ಅರ್ಥ ತಿಳಿಯದ ಭಾಷೆಯಲ್ಲಿ ಹಾಡೇ ಎಂದು ಇಂಗ್ಲಿಷರು ಬೆರಗಾಗಬಹುದು. ತಿಲ್ಲಾನದ ‘ಧೀಂ ತನನ’ಕ್ಕೆ ನಾವು ಎಂದಾದರೂ ಅರ್ಥ ಕೇಳಿದ್ದೇವೆಯೇ?

ವಿದ್ಯೆಯ ಪ್ರದರ್ಶನವೇ ಎಂದು ಕೇಳಿದ್ದೀರಿ. ಕೆಲವೆಡೆ ಹೌದು. ಈ ಪಂಥದಲ್ಲಿ ಆಮೇಲೆ ಬಂದ ಹಲವು ತಂಡಗಳು ಕಷ್ಟವನ್ನೇ ಗುಣವೆಂದು ತಿಳಿದವು. ಎಣಿಕೆಯನ್ನು ಮೂರು ಸೆಕೆಂಡಿಗೊಮ್ಮೆ ಬದಲಿಸುವುದು, ಯೂನಿವೆರ್ ಜೀರೊ ತಂಡದ ಕತ್ತಲನ್ನು ಅವರ ದುಃಖವಿಲ್ಲದೆ ಎರವಲು ತರುವುದು, ಇಂಥವು ಬಹಳ ಇವೆ. ಅವನ್ನು ಕೇಳಿ ಸಮಯ ಕಳೆಯಬೇಡಿ. ಪತ್ತೆ ಹಚ್ಚಲು ನಾನು ಬಳಸುವ ಉಪಾಯ ಇಷ್ಟೇ: ಎರಡನೆಯ ಸಲ ಕೇಳುವಾಗ ಮೊದಲ ಸಲ ಕೇಳಿಸದ ಒಂದು ಎಳೆ ಕೇಳಿಸಬೇಕು. ಕೇಳಿಸದಿದ್ದರೆ ಪಕ್ಕಕ್ಕಿಡಿ. ಹೆನ್ರಿ ಕೌ ನನಗೆ ಇಪ್ಪತ್ತನೆಯ ಸಲಕ್ಕೂ ಹೊಸ ಎಳೆ ಕೊಟ್ಟಿದೆ.

ಬೆಂಗಳೂರಿಗೆ ಸಂಬಂಧವೇನು ಎಂಬ ಪ್ರಶ್ನೆಗೆ ಉತ್ತರಿಸಲು ನನಗೆ ನಿಜಕ್ಕೂ ಹೆಮ್ಮೆ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಈ ಊರಿನಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಸ್ಥಾಪಿಸಿದರು. ಜರ್ಮನಿಯ ಮ್ಯೂನಿಕ್‌ನಲ್ಲಿ 1969ರಲ್ಲಿ ಹುಟ್ಟಿದ ಎಂಬ್ರಿಯೊ ಎಂಬ ಪ್ರಯೋಗಶೀಲ ರಾಕ್ ತಂಡ 1978–79ರಲ್ಲಿ ಬಸ್ಸಿನಲ್ಲಿ, ರಸ್ತೆ ಮಾರ್ಗವಾಗಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಸ್ಥಳೀಯ ಕಲಾವಿದರ ಜೊತೆ ನುಡಿಸುತ್ತಾ ಬಂದವರು ಅವರು. ನಮ್ಮ ಕಾಲೇಜಿನವರ ಜೊತೆಗೂ ನುಡಿಸಿದರು, ಧ್ವನಿಮುದ್ರಿಸಿದರು. ಎಂಬ್ರಿಯೊದಿಂದ ಕವಲೊಡೆದ ಡಿಸ್ಸಿಡೆಂಟನ್ ತಂಡದ 1982ರ ‘ಜರ್ಮನಿಸ್ತಾನ್’ ಆಲ್ಬಮ್ಮಿನಲ್ಲೂ ಇವರಿದ್ದಾರೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆಗೂಡಿ ಮಾಡಿದ ‘ಜ್ಯೋತಿ’ ಜರ್ಮನಿಯ ಇ.ಸಿ.ಎಂ. ಸಂಸ್ಥೆಯಿಂದ 1983ರಲ್ಲಿ ಹೊರಬಂತು. ಅದರಲ್ಲಿ ವಿದುಷಿ ಆರ್.ಎ. ರಮಾಮಣಿ ಅವರ ಕಂಠವನ್ನು ಕೇಳಿ. ಯುರೋಪಿನವರು ಹೊಸ ಲಯಕ್ಕಾಗಿ ಇಲ್ಲಿಯವರೆಗೆ ಬಂದಿದ್ದಾಗ, ನಾವು ಅವರ ಸಂಗೀತಕ್ಕೆ ನಾಲ್ಕು ಪುಟ ಕೊಡುವುದು ಹೆಚ್ಚೆಂದು ನನಗೆ ಅನ್ನಿಸುವುದಿಲ್ಲ.

ಬೇಸಿಗೆಯೊಳಗೆ ಏನು ಕೇಳಬೇಕು? ನಾಲ್ಕು ಸಾಕು, ವಾರಕ್ಕೆ ಒಂದನ್ನೇ ಹತ್ತು ಸಲ ಕೇಳಿ. ಮೊದಲು ‘ಜ್ಯೋತಿ’, ಅಲ್ಲಿ ನೀವು ಮನೆಯವರೇ. ಆಮೇಲೆ ‘1313’, ಸಂಜೆ ದೀಪ ಹಾಕುವ ಮುನ್ನ. ಮೂರನೆಯದು ಹೆನ್ರಿ ಕೌ ತಂಡದ ಕೊನೆಯ ಆಲ್ಬಂ ‘ವೆಸ್ಟರ್ನ್ ಕಲ್ಚರ್’, 1979ರದು. ಅದರಲ್ಲಿ ಹಾಡುಗಾರಿಕೆ ಇಲ್ಲ. ಒಂದು ಬದಿ ಹಾಜ್‌ಕಿನ್‌ಸನ್ ಅವರ ರಚನೆ, ಇನ್ನೊಂದು ಬದಿ ಹೆಚ್ಚಾಗಿ ಲಿಂಡ್ಸೆ ಕೂಪರ್ ಅವರದು. ನೀವು ಎರಡನೆಯ ಬದಿಯಿಂದ ಆರಂಭಿಸಿ. ಕೂಪರ್ ಅವರ ರಾಗರೇಖೆಗಳು ಎಷ್ಟು ಮುರಿದರೂ ಹಾಡಿಕೊಳ್ಳುವಂತಿರುತ್ತವೆ. ಕೇಳುವಾಗ ದಯವಿಟ್ಟು ಕೈಯನ್ನು ತೊಡೆಯ ಮೇಲಿಂದ ತೆಗೆದುಬಿಡಿ. ಸಮಕ್ಕಾಗಿ ಕಾಯಬೇಡಿ. ಊರೂರು ದಾಟುವ ರೈಲಿನ ಕಿಟಕಿಯಲ್ಲಿ ಕೂತವರು ಹಿಂದಿನ ಊರು ಮತ್ತೆ ಬರಲೆಂದು ಕಾಯುವುದಿಲ್ಲವಷ್ಟೇ, ಹಾಗೆ ಕೂತುಕೊಳ್ಳಿ.

ನಾಲ್ಕನೆಯದು ಮಗನ ಜೊತೆ ಕೇಳಲು. ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ತಂಡದ 1981ರ ‘ಡಿಸಿಪ್ಲಿನ್’. ನಿಷ್ಠುರವಾಗಿ ಹೇಳುವುದಾದರೆ ಇವರು ಬಂಡಾಯದ ಆ ಐವರ ಪೈಕಿಯಲ್ಲ, ಹೆಸರುವಾಸಿಗಳು. ಆದರೆ ಇಲ್ಲಿ ಆವರ್ತ ಇದೆ, ಅದೂ ಒಂದಲ್ಲ, ಎರಡು. ‘ಫ್ರೇಮ್ ಬೈ ಫ್ರೇಮ್’ ಎಂಬ ಹಾಡಿನಲ್ಲಿ ಎರಡು ಗಿಟಾರುಗಳು ಒಂದೇ ಸ್ವರಸಾಲನ್ನು ಏಳರ ಎಣಿಕೆಯಲ್ಲಿ ಹಿಡಿದು ಹೊರಡುತ್ತವೆ. ಸ್ವಲ್ಪ ಹೊತ್ತಿನಲ್ಲೇ ಒಂದು ಗಿಟಾರ್ ಪ್ರತಿ ಎರಡು ಸುತ್ತಿಗೆ ಒಂದು ಸ್ವರವನ್ನು ಬಿಡತೊಡಗುತ್ತದೆ. ಇವನದು ಹದಿನಾಲ್ಕು, ಅವನದು ಹದಿಮೂರು. ಸುತ್ತು ಸುತ್ತಿಗೂ ಒಂದೊಂದು ಮಾತ್ರೆ ಜಾರುತ್ತಾ ಇಬ್ಬರೂ ದೂರವಾಗುತ್ತಾರೆ. ಇದನ್ನು ನಿಮ್ಮ ಮಗ ನೂರು ಸಲ ಕೇಳಿರುತ್ತಾನೆ, ಎಣಿಸಿರುವುದು ಅನುಮಾನ. ಮಿಶ್ರಛಾಪು ಹಾಕುತ್ತಾ ಏಳನ್ನು ನೀವು ಹಿಡಿಯಿರಿ, ಹದಿಮೂರನ್ನು ಅವನಿಗೆ ಬಿಡಿ. ಇಬ್ಬರ ಕೈಯೂ ಎಲ್ಲಿ ಕೂಡಿತೆಂದು ನಮಗೆ ಬರೆದು ತಿಳಿಸಿ.

ಸಂಪಾದಕ